ಒಂಬತ್ತನೇ ಸಾಲಿನ ಒತ್ತು

ಜೂನ್ ೪, ಬುಧವಾರ

ರೇಡಿಯೋ,

ಇಲ್ಲಿ ಎಲ್ಲ ಕ್ಷೇಮ ಎಂದು ಬರೆದರೆ, ಆ ಕ್ಷೇಮಕ್ಕೆ ಪ್ರೂಫ್ ನೋಡಿದವರು ಯಾರು ಎಂದು ಕೇಳುವ ನಾದಿನಿ ನೀನು. ಅದಕ್ಕೇ ಆ ಸಾಲು ಬಿಟ್ಟೆ. ನಿಮ್ಮಣ್ಣ ಚೆನ್ನಾಗಿದ್ದಾರೆ. ಅವರ ಕನ್ನಡಕದ ಅಂಗಡಿಯೂ ಚೆನ್ನಾಗಿದೆ, ತೆರೆದಿದ್ದ ದಿನ. ಮಂಗಳವಾರ, ಗುರುವಾರ, ಶನಿವಾರ ಬಾಗಿಲು ಹಾಕಿಕೊಂಡು ನನ್ನ ಜೊತೆ ಡಯಾಲಿಸಿಸ್‌ಗೆ ಬರುತ್ತಾರೆ. ನಾನು ಒಳಗೆ ಮೆಷಿನ್ನಿನ ಪಕ್ಕ ನಾಲ್ಕು ಗಂಟೆ, ಅವರು ಹೊರಗೆ ಬೆಂಚಿನ ಮೇಲೆ ನಾಲ್ಕು ಗಂಟೆ. ಇದು ಮೂರನೇ ವರ್ಷ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಮೊದಲು ಅದನ್ನು ನೋಡಿ ನಕ್ಕುಬಿಡು, ಆಮೇಲೆ ಮುಂದೆ ಓದು.

ನಕ್ಕೆಯಾ? ಸರಿ, ಕೇಳು. ನಿನ್ನೆ ಸೂಜಿ ಚುಚ್ಚಿಸಿಕೊಂಡು ಕೂತಿದ್ದೆ. ನಮ್ಮ ವಾರ್ಡಿನ ಸಿಸ್ಟರ್ ಒಂದು ಹಾಳೆ ಹಿಡಿದುಕೊಂಡು ಬಂದರು. "ಅಮ್ಮ, ತುಂಬಾ ದಿನದ ಕಾಯಿಲೆ ಇರೋರಿಗೆಲ್ಲ ಇದನ್ನ ಕೊಡ್ತಿದ್ದೀವಿ. ಬಿಪಿ ನೋಡೋ ಹಾಗೆ ಮನಸ್ಸನ್ನೂ ಒಂದ್ಸಲ ನೋಡೋದು, ಅಷ್ಟೇ. ಕಳೆದ ಎರಡು ವಾರ ಹೇಗಿತ್ತು ಅಂತ ಟಿಕ್ ಹಾಕಿ" ಎಂದರು. ನನ್ನ ಎಡಗೈ ಮೆಷಿನ್ನಿಗೆ ಸೇರಿದ್ದು, ಬಲಗೈ ಇನ್ನೂ ನನ್ನದೇ. ಚೀಲದಲ್ಲಿ ಕೆಂಪು ಪೆನ್ನು ಇದ್ದೇ ಇತ್ತು.

ಮೊದಲನೇ ಪ್ರಶ್ನೆಯೇ ನೋಡು: "ದಿನನಿತ್ಯದ ಕೆಲಸಗಳಲ್ಲಿ ಅಶಕ್ತಿ ಕಡಿಮೆಯಾಗಿದೆಯೇ?" ಆಸಕ್ತಿ ಎಂದಿರಬೇಕಾದದ್ದು! ಅಶಕ್ತಿ ಕಡಿಮೆಯಾಗಿದ್ದರೆ ನಾನು ಆ ಕುರ್ಚಿಯಲ್ಲಿ ಯಾಕೆ ಕೂತಿರುತ್ತಿದ್ದೆ? ನಾಲ್ಕನೇ ಸಾಲಿನಲ್ಲಿ ನಿದ್ರೆಗೆ ಒತ್ತೇ ಇಲ್ಲ, "ನಿದೆ ಬರುವುದಿಲ್ಲವೇ" ಅಂತೆ. ಅಂಥ ನಿದೆ ಯಾರಿಗೆ ತಾನೇ ಬಂದೀತು? ಆರರಲ್ಲಿ ಭಯದ ಹೊಟ್ಟೆ ಸೀಳುವುದನ್ನೇ ಮರೆತು ಬಯ ಮಾಡಿದ್ದಾರೆ. ಒಟ್ಟು ಒಂಬತ್ತು ಪ್ರಶ್ನೆ, ಹನ್ನೊಂದು ತಪ್ಪು. ಎಲ್ಲ ತಿದ್ದಿ, "ಇಲ್ಲವೇ ಇಲ್ಲ" ಎನ್ನುವ ಕಡೆ ಮೇಲಿಂದ ಕೆಳಗೆ ಒಂಬತ್ತು ಟಿಕ್ ಹಾಕಿ ಕೊಟ್ಟೆ. ಸಿಸ್ಟರ್ ಕೂಡಿ ನೋಡಿ ಸೊನ್ನೆ ಎಂದರು. ನನಗೆ ಸೊನ್ನೆ, ಆಸ್ಪತ್ರೆಗೆ ಹನ್ನೊಂದು. ಪಾಪ, ಅವರೂ ನಕ್ಕು ನನಗೊಂದು ಕಲರ್ ಜೆರಾಕ್ಸ್ ಮಾಡಿಸಿಕೊಟ್ಟರು.

ನಮ್ಮ ಪ್ರೆಸ್ಸಿನ ಮೂಲೆ ಮೇಜು ನೆನಪಾಯಿತು. ಇಪ್ಪತ್ತೆರಡು ವರ್ಷ ನೀನು ಮೂಲಪ್ರತಿ ಹಿಡಿದು ಅಲ್ಪವಿರಾಮ, ಪೂರ್ಣವಿರಾಮ ಸಮೇತ ಜೋರಾಗಿ ಓದಿದ್ದು, ನಾನು ಅಚ್ಚಿನ ಹಾಳೆಯ ಮೇಲೆ ತಿದ್ದಿದ್ದು. ಊರಿಗೆಲ್ಲ ಕೇಳುವ ಹಾಗೆ ಓದುತ್ತೀಯ ಎಂದು ನಿನಗೆ ರೇಡಿಯೋ ಎಂದು ಹೆಸರಿಟ್ಟವರಲ್ಲಿ ನಾನೇ ಮೊದಲನೆಯವಳು. ಫೋನಿನಲ್ಲಿ ಹೇಳಿದ್ದರೆ ತಿದ್ದಿದ್ದು ಕಾಣುತ್ತಿರಲಿಲ್ಲ. ಅಲ್ಲದೆ ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ" ಎನ್ನುವುದನ್ನು ದಾಟಿ ಹೋದವರೇ ಅಲ್ಲ.

ಕಳೆದ ಗುರುವಾರ ಮಾತ್ರ ಡಯಾಲಿಸಿಸ್‌ಗೆ ಹೋಗಲಿಲ್ಲ. ನಿಮ್ಮಣ್ಣನಿಗೆ ಅಂಗಡಿಯಲ್ಲಿ ಕೆಲಸವಿತ್ತು, ನಾನೇ ಬೇಡ ಎಂದೆ. ಇದಕ್ಕೆ ಒಂದು ಪುಟ ಬೈಗುಳ ಬರೆದು ಕಾಗದ ಹಾಳು ಮಾಡಬೇಡ.

ನಿನ್ನ ಅತ್ತಿಗೆ


ಜೂನ್ ೧೨, ಗುರುವಾರ

ಅತ್ತಿಗೆ,

ನಕ್ಕೂ ನಕ್ಕೂ ಸಾಕಾಯಿತು. ನಿಮ್ಮ ಹಾಳೆಯನ್ನು ನಮ್ಮ ಬಸ್ ನಿಲ್ದಾಣದ ಘೋಷಣೆ ಕೋಣೆಯಲ್ಲಿ, ಮೈಕಿನ ಹಿಂದಿನ ಗೋಡೆಗೆ ಅಂಟಿಸಿದ್ದೇನೆ. ಬರುವ ಡ್ರೈವರು, ಕಂಡಕ್ಟರುಗಳೆಲ್ಲ ನಿಂತು ಓದುತ್ತಾರೆ. "ಬಯ" ನೋಡಿ ಒಬ್ಬ ಕಂಡಕ್ಟರು, "ನಮ್ಮ ಮ್ಯಾನೇಜರ್ ಮೇಲೆ ನನಗಿರೋದು ಇಂಥದ್ದೇ, ಹೊಟ್ಟೆ ಸೀಳದ ಬಯ" ಎಂದ. ನಿಮ್ಮ ಕೀರ್ತಿ ಇಲ್ಲಿಯವರೆಗೂ ಬಂದಿದೆ.

ನಾನು ಆರಾಮಾಗಿದ್ದೇನೆ. ಮೊನ್ನೆ ಒಂದು ಬಸ್ಸಿನ ಪ್ಲಾಟ್‌ಫಾರಂ ನಂಬರ್ ತಪ್ಪು ಹೇಳಿ, ನಲವತ್ತು ಜನ ಗಂಟುಮೂಟೆ ಹೊತ್ತು ಆ ಕಡೆಯಿಂದ ಈ ಕಡೆಗೆ ಓಡಿದರು. ನೀವು ಪಕ್ಕದಲ್ಲಿದ್ದಿದ್ದರೆ ಮೇಜಿನ ಕೆಳಗೆ ನನ್ನ ಕಾಲು ತುಳಿದು ಎಚ್ಚರಿಸುತ್ತಿದ್ದಿರಿ.

ಒಂಬತ್ತಕ್ಕೆ ಒಂಬತ್ತೂ "ಇಲ್ಲವೇ ಇಲ್ಲ" ಅಂತೆ! ಅದೇ ನಮ್ಮತ್ತಿಗೆ. ಕಿಡ್ನಿ ಕೈಕೊಟ್ಟರೂ ಮನಸ್ಸು ಗಟ್ಟಿ. ನಾನಾಗಿದ್ದರೆ ಅಷ್ಟು ಹೊತ್ತಿಗೆ ಹಾಸಿಗೆ ಹಿಡಿದು ಊರಿಗೆಲ್ಲ ಕೇಳುವ ಹಾಗೆ ಅಳುತ್ತಿದ್ದೆ.

ಒಂದು ಮಾತು. ಅಣ್ಣನ ಹತ್ತಿರ ಕನ್ನಡಕದ ನಂಬರ್ ಒಮ್ಮೆ ನೋಡಿಸಿಕೊಳ್ಳಿ. ಸುಮ್ಮನೆ ಹೇಳಿದೆ, ವಯಸ್ಸಾಯಿತಲ್ಲ ಇಬ್ಬರಿಗೂ.

ಗುರುವಾರದ ಬೈಗುಳ ಬಾಕಿ ಇಟ್ಟುಕೊಂಡಿದ್ದೇನೆ, ಬಂದಾಗ ಎದುರಿಗೇ ಕೊಡುತ್ತೇನೆ.

ನಿಮ್ಮ ರೇಡಿಯೋ


ಜೂನ್ ೨೨, ಭಾನುವಾರ

ರೇಡಿಯೋ,

ನಿನ್ನ ಪತ್ರ ತಲುಪಿತು. ಸಂತೋಷ.

ನಿಘಂಟನ್ನು ಕಟ್ಟಿ ಬೇರೆ ಅಂಚೆಯಲ್ಲಿ ನಿನಗೆ ಕಳಿಸುತ್ತಿದ್ದೇನೆ. ಪ್ರೆಸ್ಸು ಮುಚ್ಚಿದ ದಿನ ಮಾಲೀಕರು ನನ್ನ ಕೈಗಿಟ್ಟದ್ದು. ಅಂಚಿನಲ್ಲೆಲ್ಲ ನನ್ನ ಟಿಪ್ಪಣಿಗಳಿವೆ. ಉಳಿದ ಕೆಂಪು ಪೆನ್ನುಗಳನ್ನೂ ಅದರ ಜೊತೆಗೇ ಇಟ್ಟಿದ್ದೇನೆ. ನನಗೆ ಇನ್ನು ಬೇಕಾಗುವುದಿಲ್ಲ. ನಿನ್ನ ಹತ್ತಿರವಿದ್ದರೆ ನಾಲ್ಕು ಜನಕ್ಕೆ ಉಪಯೋಗಕ್ಕೆ ಬರುತ್ತದೆ.

ಈ ತಿಂಗಳು ಇನ್ನೂ ಎರಡು ಸಲ ಡಯಾಲಿಸಿಸ್ ತಪ್ಪಿತು. ಅಂಗಡಿ ಕೆಲಸವೇ. ಮೂರು ವರ್ಷವಾಯಿತು ನಿಮ್ಮಣ್ಣ ಆ ಬೆಂಚಿಗೆ ಅಂಟಿಕೊಂಡು. ಅವರಿಗೂ ಸ್ವಲ್ಪ ಉಸಿರಾಡಲು ಬಿಡಬೇಕು. ನೀನು ಆಗಾಗ ಅವರಿಗೆ ಫೋನ್ ಮಾಡುತ್ತಿರು. ಅವರಿಗೆ ನಿನ್ನ ದನಿ ಕೇಳಿದರೆ ಒಳ್ಳೆಯದಾಗುತ್ತದೆ.

ಕನ್ನಡಕ ಸರಿಯಾಗಿದೆ.

ಅತ್ತಿಗೆ


ಜೂನ್ ೨೭, ಶುಕ್ರವಾರ

ಅತ್ತಿಗೆ,

ನಿಘಂಟಿನ ಕಟ್ಟು ಬಂದಿದೆ. ದಾರ ಬಿಚ್ಚಿಲ್ಲ, ಬಿಚ್ಚುವುದೂ ಇಲ್ಲ.

ನಿಮ್ಮ ಪತ್ರ ಓದಿದ ಕೂಡಲೇ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ "ಚೆನ್ನಾಗಿದ್ದೀನಿ, ನಿಂದು ಊಟ ಆಯ್ತಾ?" ಎಂದು ಇಟ್ಟುಬಿಟ್ಟಿರಿ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರವನ್ನು ಮಧ್ಯದಲ್ಲಿ ಇಟ್ಟುಬಿಡುವುದು ನಿಮ್ಮ ಕೈಲಿ ಆಗದು, ಕೊನೆಯ ಪೂರ್ಣವಿರಾಮ ಇದೆಯೋ ಇಲ್ಲವೋ ನೋಡಲೇಬೇಕು ನಿಮಗೆ.

ನಿನ್ನೆ ಪಾಳಿ ಮುಗಿದ ಮೇಲೆ ಮೈಕ್ ಆರಿಸಿ, ಗೋಡೆಯ ಮೇಲಿದ್ದ ಹಾಳೆ ತೆಗೆದು, ನಮ್ಮ ಹಳೆಯ ಪದ್ಧತಿಯಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಓದಿದೆ. ಒಂದು, ಎರಡು, ಮೂರು, ಎಲ್ಲ ಸರಿ, ಎಲ್ಲ ಕಡೆ ನಿಮ್ಮ ಕೆಂಪು. ಒಂಬತ್ತಕ್ಕೆ ಬಂದೆ. "ನಾನು ಇಲ್ಲದಿದ್ದರೆ ಎಲ್ಲರಿಗೂ ಒಳೆಯದು ಎಂಬ ಯೋಚನೆ ಬರುತ್ತದೆಯೇ?"

ಒಳೆಯದು. ಳ-ಕ್ಕೆ ಒತ್ತಿಲ್ಲ. ಅಲ್ಲಿ ಕೆಂಪಿನ ಒಂದು ಚುಕ್ಕೆಯೂ ಇಲ್ಲ. ಹನ್ನೊಂದಲ್ಲ ಅತ್ತಿಗೆ, ತಪ್ಪು ಹನ್ನೆರಡು.

ನಾನೂರು ಪುಟದ ಪುಸ್ತಕದಲ್ಲಿ ತಲೆಕೆಳಗಾಗಿ ನಿಂತಿದ್ದ ಒಂದೇ ಒಂದು ಅಲ್ಪವಿರಾಮ ಹಿಡಿದವರು ನೀವು. ನಾಲ್ಕನೇ ಸಾಲಿನಲ್ಲಿ ನಿದ್ರೆಯ ಒತ್ತು ಬಿದ್ದುಹೋದದ್ದು ಕಂಡ ಕಣ್ಣಿಗೆ ಐದು ಸಾಲು ಕೆಳಗಿನ ಒತ್ತು ಕಾಣದೇ ಹೋಯಿತೇ?

ಅಣ್ಣನನ್ನೂ ಕೇಳಿದೆ, ಯಾಕೆ ಡಯಾಲಿಸಿಸ್ ತಪ್ಪಿತು ಅಂತ. "ಮೆಷಿನ್ ಕೆಟ್ಟಿದೆಯಂತೆ, ಬರಬೇಡಿ ಅಂದ್ರಂತಲ್ಲ, ಅವಳೇ ಹೇಳಿದ್ಲು" ಎಂದ. ಅವನಿಗೆ ಮೆಷಿನ್ ಕೆಟ್ಟಿದೆ, ನನಗೆ ಅಂಗಡಿ ಕೆಲಸ. ಒಂದೇ ಮಾತು ಎರಡು ಪ್ರತಿಗಳಲ್ಲಿ ಬೇರೆ ಬೇರೆ ಇದ್ದರೆ ಮೂಲ ನೋಡಬೇಕು ಎಂದು ಕಲಿಸಿದ್ದು ನೀವೇ. ಮೂಲ ನಿಮ್ಮ ಹತ್ತಿರ ಮಾತ್ರ ಇದೆ.

ನೇರವಾಗಿ ಕೇಳುತ್ತೇನೆ. ಆ ಯೋಚನೆ ನಿಮಗೆ ಬರುತ್ತಿದೆಯಾ? ಬರುತ್ತಿದ್ದರೆ ಹೌದು ಎನ್ನಿ. ನಾನು ಬುದ್ಧಿ ಹೇಳುವುದಿಲ್ಲ, ಹೌಹಾರುವುದಿಲ್ಲ.

ಮತ್ತೆ, ನೀವಿಲ್ಲದಿದ್ದರೆ ಒಳ್ಳೆಯದಾಗುವ ಆ "ಎಲ್ಲರೂ" ಯಾರು ಸ್ವಲ್ಪ ಪಟ್ಟಿ ಕೊಡಿ. ಹತ್ತನೇ ತರಗತಿ ಫೇಲಾಗಿ ಅಡುಗೆಮನೆ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ ಹುಡುಗಿಯನ್ನು, "ಇವಳ ಗಂಟಲು ನನಗೆ ಬೇಕು" ಎಂದು ಕೈಹಿಡಿದು ಪ್ರೆಸ್ಸಿಗೆ ಕರೆದುಕೊಂಡು ಹೋದವರು ನೀವು. ಮನೆಗೆ ಬಂದು ಇನ್ನೂ ಆರು ತಿಂಗಳಾಗದ ಸೊಸೆ, ಎಲ್ಲರ ಎದುರು ನಿಂತು ಹಾಗೆ ಹೇಳಿದಿರಿ. ಈಗ ದಿನಕ್ಕೆ ಸಾವಿರ ಜನ ನನ್ನ ದನಿ ಕೇಳಿ ಬಸ್ಸು ಹತ್ತುತ್ತಾರೆ. ಆ ಪಟ್ಟಿಯಲ್ಲಿ ನನ್ನನ್ನು ಸೇರಿಸಬೇಡಿ.

ನಿಮ್ಮ ರೇಡಿಯೋ


ಜುಲೈ ೨, ಬುಧವಾರ

ನಿನ್ನ ಪತ್ರ ನಿನ್ನೆ ಬಂತು. ಅದಕ್ಕಿಂತ ಮೊದಲೇ ನಿನ್ನ ಫೋನು ಆಸ್ಪತ್ರೆ ತಲುಪಿತ್ತು ಎಂದು ಗೊತ್ತಾಯಿತು. ಅದನ್ನು ಪತ್ರದಲ್ಲಿ ಬರೆಯುವ ಧೈರ್ಯ ನಿನಗೆ ಬರಲಿಲ್ಲ ಅಲ್ಲವೇ.

ಶನಿವಾರ ಸಿಸ್ಟರ್ ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತರು. ನಿನ್ನೆಯೂ ಕೂತರು. ನಾನು ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವಳ ಹಾಗೆ ಇದ್ದೆ. ಮನೆಯ ಮಾತನ್ನು ಮೈಕಿನಲ್ಲಿ ಹೇಳುವ ಚಾಳಿ ನಿನಗೆ ಹೊಸದಲ್ಲ. ಒಂದು ಅಕ್ಷರ ಕಾಣಲಿಲ್ಲ ಅಂದರೆ ಕಾಣಲಿಲ್ಲ. ಅದಕ್ಕೆ ಇಷ್ಟು ರಾದ್ಧಾಂತ ಬೇಕಿರಲಿಲ್ಲ.

ಅತ್ತಿಗೆ


ಜುಲೈ ೧೯, ಶನಿವಾರ

ನನ್ನ ರೇಡಿಯೋ,

ಹದಿನೇಳು ದಿನ ನಿನಗೆ ಬರೆಯಲಿಲ್ಲ. ಮೊದಲ ದಿನ ಸಿಟ್ಟಿಗೆ, ಉಳಿದ ದಿನ ನಾಚಿಕೆಗೆ. ನೀನು ಮಾತ್ರ ದಿನಾ ಸಂಜೆ ನಿಮ್ಮಣ್ಣನಿಗೆ ಫೋನ್ ಮಾಡಿ, "ಅವರು ನನ್ನ ಜೊತೆ ಮಾತಾಡದಿದ್ರೆ ಬೇಡ, ಹೇಗಿದ್ದಾರೆ ಹೇಳು" ಎನ್ನುತ್ತಿದ್ದುದನ್ನು ಗೋಡೆಯ ಈಚೆ ಕೂತು ಕೇಳುತ್ತಿದ್ದೆ. ನಿನ್ನ ದನಿಗೆ ಗೋಡೆ ಒಂದು ಲೆಕ್ಕವೇ?

ಆ ಪತ್ರ ಬರೆದ ಮರುದಿನ ಗುರುವಾರ. ಸಿಸ್ಟರ್ ಮತ್ತೆ ಬಂದರು, ಮತ್ತೆ ಸ್ಟೂಲು, ಮತ್ತೆ ಅದೇ ಹಾಳೆ. ನಾನು ಕಣ್ಣು ಮುಚ್ಚಿದೆ. ಈ ಸಲ ಅವರು ಏನೂ ಕೇಳಲಿಲ್ಲ, ಓದಲು ಶುರು ಮಾಡಿದರು. "ಒಂದು, ಪೂರ್ಣವಿರಾಮ. ದಿನನಿತ್ಯದ ಕೆಲಸಗಳಲ್ಲಿ..." ಹೀಗೆ ಓದುವುದನ್ನು ನೀನೇ ಹೇಳಿಕೊಟ್ಟೆಯಂತೆ, ಫೋನಿನಲ್ಲಿ ಅರ್ಧ ಗಂಟೆ. ನಿನ್ನಷ್ಟು ಚೆನ್ನಾಗಿ ಓದುವುದಿಲ್ಲ ಬಿಡು, ಪ್ರಶ್ನಾರ್ಥಕ ಚಿಹ್ನೆ ಹೇಳುವಾಗ ತೊದಲುತ್ತಾರೆ. ಆದರೂ ನನ್ನ ಬಾಯಿ ತಾನಾಗಿಯೇ ತಿದ್ದತೊಡಗಿತು. ಕಣ್ಣು ಮುಚ್ಚಿಕೊಂಡೇ "ಆಸಕ್ತಿ", "ರ ಒತ್ತು", "ಹೊಟ್ಟೆ ಸೀಳಿ" ಎನ್ನುತ್ತಾ ಹೋದೆ. ಒಂಬತ್ತು ಬಂತು. "ನಾನು ಇಲ್ಲದಿದ್ದರೆ ಎಲ್ಲರಿಗೂ ಒಳೆಯದು..."

"ಳ ಒತ್ತು ಬಿಟ್ಟಿದೆ" ಎಂದೆ. ಅಂದವಳು ಕಣ್ಣು ತೆರೆದೆ.

ಸಿಸ್ಟರ್ ಹಾಳೆ ಮಡಚಿ ತೊಡೆಯ ಮೇಲಿಟ್ಟುಕೊಂಡರು. "ಎಷ್ಟು ದಿನ ಅನ್ಸುತ್ತೆ ಅಮ್ಮ ಹೀಗೆ?" ಎಂದರು.

"ದಿನಾ" ಎಂದೆ.

"ಏನಾದ್ರೂ ಮಾಡ್ಕೋಬೇಕು ಅಂತ ಅನ್ಸಿದ್ಯಾ?"

"ಮಾಡ್ಕೊಳ್ಳೋದೇನಿದೆ ಸಿಸ್ಟರ್, ಇಲ್ಲಿಗೆ ಬರದೇ ಇದ್ರೆ ಸಾಕಲ್ಲ."

ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಿಸ್ಟರ್ ಬೈಯಲಿಲ್ಲ, ಗಾಬರಿಯಾಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತಮ್ಮ. ಈ ಕುರ್ಚೀಲಿ ಕೂತೋರಲ್ಲಿ ಎಷ್ಟೋ ಜನಕ್ಕೆ ಹೀಗಾಗುತ್ತೆ. ಇದೂ ಒಂದು ಕಾಯಿಲೆ, ಇದಕ್ಕೂ ಔಷಧಿ ಇದೆ" ಎಂದು ನನ್ನ ಬಲಗೈ ಹಿಡಿದುಕೊಂಡು ಮೆಷಿನ್ ನಿಲ್ಲುವವರೆಗೂ ಕೂತಿದ್ದರು. ನಾನು ಅತ್ತೆ. ಕಣ್ಣೊರೆಸಿಕೊಳ್ಳಲು ಕೈಯೂ ಖಾಲಿ ಇರಲಿಲ್ಲ, ಅವರೇ ಒರೆಸಿದರು. ಆ ತಾಯಿಯ ಋಣ ತೀರಿಸುವಂಥದ್ದಲ್ಲ.

ಅವತ್ತೇ ಮನಸ್ಸಿನ ಡಾಕ್ಟರನ್ನು ಕರೆಸಿದರು. ಕಿಡ್ನಿಗೆ ತೊಂದರೆಯಾಗದ ಹಾಗೆ ಅಳೆದು ಮಾತ್ರೆ ಬರೆದುಕೊಟ್ಟಿದ್ದಾರೆ, ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡುತ್ತಾರೆ. ಆ ಹಾಳೆಯನ್ನು ಎರಡನೇ ಸಲ ನಿಜ ಹೇಳಿ ತುಂಬಿದೆ. ಸೊನ್ನೆ ಹೋಗಿ ಇಪ್ಪತ್ತೇಳಕ್ಕೆ ಹತ್ತೊಂಬತ್ತಾಯಿತು. ಪಕ್ಕದ ಕುರ್ಚಿಯ ಲಾರಿ ಡ್ರೈವರು ಇದನ್ನೆಲ್ಲ ಕೇಳಿಸಿಕೊಂಡು, "ಸಿಸ್ಟರ್, ನಂದೂ ಸುಳ್ಳು ಟಿಕ್ಕೇ. ಇನ್ನೊಂದು ಹಾಳೆ ಕೊಡಿ" ಎಂದರು.

ನಿಮ್ಮಣ್ಣನನ್ನು ಒಳಗೆ ಕರೆಸಿದಾಗ ನಾನು ಅವರ ಮುಖ ನೋಡಲಾರದೆ ಹೇಳಿದೆ, "ನಿಮ್ಮ ಬಾಳೆಲ್ಲ ಆ ಬೆಂಚಿನ ಮೇಲೇ ಹೋಗ್ತಿದೆ, ಅದಕ್ಕೆ..." ಅವರು, "ಇಷ್ಟು ವರ್ಷ ಬೆಳಗಾದ್ರೆ ನೀನು ಪ್ರೆಸ್ಸಿಗೆ, ನಾನು ಅಂಗಡಿಗೆ. ನಾಲ್ಕು ಗಂಟೆ ಒಟ್ಟಿಗೆ ಕೂತಿದ್ದು ಯಾವಾಗ ಹೇಳು? ನಂಗೆ ಬೆಂಚು ಕಷ್ಟ ಅಲ್ಲ ಕಣೇ. ಮಧ್ಯೆ ಬಾಗಿಲು ಇರೋದು ಕಷ್ಟ" ಎಂದರು. ಮೂರು ವರ್ಷ ಇದನ್ನು ಹೇಳದೆ ಕೂತಿದ್ದರು ನೋಡು, ಎಂಥ ಮನುಷ್ಯ! ಈಗ ಸಿಸ್ಟರ್ ಒಳಗೇ ಒಂದು ಸ್ಟೂಲು ಹಾಕಿಸಿದ್ದಾರೆ. ಸಣ್ಣ ಸ್ಕ್ರೂಡ್ರೈವರ್ ತಂದು, ವಾರ್ಡಿನವರ ಸಡಿಲವಾದ ಕನ್ನಡಕಗಳನ್ನೆಲ್ಲ ಬಿಗಿ ಮಾಡುತ್ತಾ ಕೂರುತ್ತಾರೆ.

ಆ ತಪ್ಪು ನನಗೆ ಯಾಕೆ ಕಾಣಲಿಲ್ಲ ಎಂದು ಬಹಳ ಯೋಚಿಸಿದೆ. ತಾನು ಬರೆದದ್ದಕ್ಕೆ ತಾನೇ ಪ್ರೂಫ್ ನೋಡಬಾರದು ಎಂದು ನಮ್ಮ ಮಾಲೀಕರು ಹೇಳುತ್ತಿರಲಿಲ್ಲವೇ? ಆ ಸಾಲು ಬೇರೆ ಯಾರೋ ಅಚ್ಚು ಮಾಡಿಸಿದ್ದು ಅನ್ನಿಸಲೇ ಇಲ್ಲ ನನಗೆ. ನಾನೇ ಬರೆದದ್ದು ಅನ್ನಿಸಿತು. ಅದಕ್ಕೆ ಇನ್ನೊಬ್ಬರು ಜೋರಾಗಿ ಓದಬೇಕಾಯಿತು.

ನೀನು ಫೋನ್ ಮಾಡಿದ್ದಕ್ಕೆ ಮನೆಯ ಮಾತನ್ನು ಮೈಕಿನಲ್ಲಿ ಹೇಳುವ ಚಾಳಿ ಎಂದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನೀನು ನನ್ನ ಜೀವ ಉಳಿಸಿದ್ದೀಯ. ಇದನ್ನು ಇದಕ್ಕಿಂತ ಚೆಂದ ಮಾಡಿ ಬರೆಯಲು ನನಗೆ ಬರುವುದಿಲ್ಲ.

ನಿನ್ನ ಅತ್ತಿಗೆ


ಜುಲೈ ೨೭, ಭಾನುವಾರ

ಅತ್ತಿಗೆ,

ನಿಮ್ಮ ಪತ್ರವನ್ನು ಘೋಷಣೆ ಕೋಣೆಯಲ್ಲೇ ಓದಿ, ಅಳು ತಡೆಯಲಾಗದೆ ಎರಡು ಬಸ್ಸುಗಳನ್ನು ಹೇಳದೆ ಬಿಟ್ಟೆ. ಕ್ಷಮಿಸಿ ಎಂದು ಮ್ಯಾನೇಜರಿಗೆ ಹೇಳಿಯಾಯಿತು. ಈಗ ನಿಮಗೆ ಹೇಳಬೇಕು.

ಜೀವ ಉಳಿಸಿದವಳು ಎಂದು ಬರೆದಿದ್ದೀರಿ. ಅದನ್ನು ಓದಿ ಸುಮ್ಮನಿದ್ದರೆ ನನಗೆ ಅನ್ನ ಸೇರುವುದಿಲ್ಲ. ಆ ಒತ್ತು ಇಲ್ಲದ್ದು ನನಗೆ ಕಂಡದ್ದು ಜೂನ್ ಇಪ್ಪತ್ತಾರಕ್ಕಲ್ಲ. ಹಾಳೆ ಬಂದ ದಿನವೇ, ಲಕೋಟೆ ಒಡೆದು ನಿಂತಲ್ಲೇ ಕಂಡಿತ್ತು. ನೀವು ಅದನ್ನು ತಿದ್ದದೆ ಬಿಟ್ಟದ್ದು ಯಾಕೆಂದೂ ಆಗಲೇ ಹೊಳೆದಿತ್ತು. ಆಮೇಲೆ, ಕಣ್ಣು ಮಂಜಾಗಿರಬೇಕು, ವಯಸ್ಸಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಕನ್ನಡಕದ ನಂಬರ್ ನೋಡಿಸಿಕೊಳ್ಳಿ ಎಂದು ಬರೆದು ಕೈತೊಳೆದುಕೊಂಡೆ. ಕೇಳಿದರೆ ನೀವು ಹೌದು ಅಂದುಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆ ನನಗೆ. ಹಾಳೆಯನ್ನು ಗೋಡೆಗೆ ಅಂಟಿಸಿ, ಅದಕ್ಕೆ ಬೆನ್ನು ಹಾಕಿ ಕೂತು ಎರಡು ವಾರ ಬಸ್ಸು ಕೂಗಿದೆ. ನಿಘಂಟು ಬಾರದೇ ಹೋಗಿದ್ದರೆ ಇನ್ನೂ ಕೂಗುತ್ತಲೇ ಇರುತ್ತಿದ್ದೆನೋ ಏನೋ. ಕ್ಷಮಿಸಿ ಅತ್ತಿಗೆ. ಉಳಿಸಿದವರು ಆ ಸಿಸ್ಟರ್. ನಾನು ತಡವಾಗಿ ಬಾಯಿಬಿಟ್ಟವಳು ಅಷ್ಟೇ. ಕ್ಷಮಿಸಿ.

ರೇಡಿಯೋ


ಆಗಸ್ಟ್ ೯, ಶನಿವಾರ

ರೇಡಿಯೋ,

ನಿನ್ನ ಪತ್ರಕ್ಕೆ ಪ್ರೂಫ್ ನೋಡಿ ವಾಪಸು ಕಳಿಸುತ್ತಿದ್ದೇನೆ. ತಿದ್ದಬೇಕಾದದ್ದು ಹೆಚ್ಚೇನಿಲ್ಲ. "ಕ್ಷಮಿಸಿ" ಎಂದು ಮೂರು ಸಲ ಬಂದಿದೆ. ಮೊದಲನೆಯದು ನಿಮ್ಮ ಮ್ಯಾನೇಜರಿನದು, ಇರಲಿ. ಉಳಿದೆರಡನ್ನೂ ಹೊಡೆದುಹಾಕಿದ್ದೇನೆ.

ಕಂಡೂ ಹೇಳದೆ ಇದ್ದೆ ಎನ್ನುತ್ತೀಯ. ನಾನು ಇದ್ದೂ ಹೇಳದೆ ಇದ್ದೆ. ನಿಮ್ಮಣ್ಣ ಬೆಂಚಿನ ಮೇಲೆ ಕೂತು ಹೇಳದೆ ಇದ್ದರು. ಒಬ್ಬರನ್ನೊಬ್ಬರು ನೋಯಿಸಬಾರದು ಎಂದು ಮೂರೂ ಜನ ಬಾಯಿ ಹೊಲಿದುಕೊಂಡು ಕೂತಿದ್ದೆವಲ್ಲ, ನಮ್ಮಂಥ ಜಾಣರು ಬೇರೆ ಯಾರಿದ್ದಾರೆ? ನೀನು ಹೆದರಿಕೊಂಡೇ ಕೇಳಿದೆ. ಕೇಳಿದೆಯಲ್ಲ, ಅದಕ್ಕೆ ನಾನು ದಿನಾ ನಿನ್ನನ್ನು ನೆನೆಯುತ್ತೇನೆ.

ಜುಲೈನಿಂದೀಚೆಗೆ ಒಂದು ದಿನವೂ ಡಯಾಲಿಸಿಸ್ ತಪ್ಪಿಸಿಲ್ಲ. ಮೊನ್ನೆ ಹಾಳೆ ಮತ್ತೆ ತುಂಬಿಸಿದರು, ಹತ್ತೊಂಬತ್ತು ಇದ್ದದ್ದು ಹನ್ನೊಂದಕ್ಕೆ ಇಳಿದಿದೆ. ನಿದ್ರೆಗೆ ಒತ್ತು ಬಂದಿದೆ. ಭಯ ಇನ್ನೂ ಹೊಟ್ಟೆ ಸೀಳಿಕೊಂಡೇ ಬರುತ್ತದೆ ಕೆಲವು ದಿನ, ಆದರೆ ಬಂದರೆ ಹೇಳುತ್ತೇನೆ. ಒಂಬತ್ತನೆಯದಕ್ಕೆ "ಕೆಲವು ದಿನ" ಎಂದು ಟಿಕ್ ಹಾಕಿದೆ. ಸುಳ್ಳು ಸೊನ್ನೆ ಬೇಡ ಎಂದು ಸಿಸ್ಟರಿಗೆ ಮಾತು ಕೊಟ್ಟಿದ್ದೇನೆ.

ಇನ್ನೊಂದು ಸುದ್ದಿ. ಆ ಹಾಳೆಯನ್ನು ಹೊಸದಾಗಿ ಅಚ್ಚು ಮಾಡಿಸುತ್ತಾರಂತೆ. ಅದಷ್ಟೇ ಅಲ್ಲ, ಸಕ್ಕರೆ ಕಾಯಿಲೆಯವರಿಗೆ, ಹೃದಯದವರಿಗೆ, ಉಬ್ಬಸದವರಿಗೆ ಕೊಡುವ 'ನಿಮ್ಮ ಮನಸ್ಸು ಹೇಗಿದೆ' ಎಂಬ ಪುಸ್ತಿಕೆಯೂ ಇದೆ, ನಲವತ್ತು ಪುಟ. ದೊಡ್ಡ ಡಾಕ್ಟರು ನನ್ನ ಕುರ್ಚಿಯ ಹತ್ತಿರ ಬಂದು, "ಅಮ್ಮ, ನೀವು ನೋಡಿಕೊಟ್ಟ ಮೇಲೇನೇ ಪ್ರಿಂಟಿಗೆ ಹೋಗೋದು" ಎಂದರು. ಮೊದಲ ಪುಟದಲ್ಲೇ ಆರು ತಪ್ಪು ಕಂಡಿವೆ. ಒಬ್ಬಳೇ ನೋಡಿದರೆ ಯಾವುದು ಕಾಣುತ್ತದೆ, ಯಾವುದು ಬಿಟ್ಟುಹೋಗುತ್ತದೆ ಎಂದು ಈಗ ನಮಗಿಬ್ಬರಿಗೂ ಗೊತ್ತು. ಜೋರಾಗಿ ಓದುವವರು ಬೇಕು.

ರಜೆ ಹಾಕಿ ಬಾ. ಬರುವಾಗ ನಿಘಂಟು ತೆಗೆದುಕೊಂಡು ಬಾ, ಕೆಂಪು ಪೆನ್ನು ಸಮೇತ. ನನಗೆ ಬೇಕು.

ನಿನ್ನ ಅತ್ತಿಗೆ